ಮೂರು ವರ್ಷದಿಂದ ಪ್ರಾರ್ಥನೆ ಒಣಗಿದೆ. ಇದು ತಾಳ್ಮೆಯಾ, ಬರೀ ಅಭ್ಯಾಸವಾ?

ಬೇಳದವಳು

ಎರಡು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುವುದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ಅಮ್ಮ ತೀರಿಕೊಂಡು ಮೂರು ವರ್ಷ ಆಯಿತು. ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಆಮೋರಿ (ಸಂಜೆ ಹೇಳುವ ಮರಿಯಮ್ಮನ ಪ್ರಾರ್ಥನೆ), ಅದರ ಬೆನ್ನಿಗೆ ತೇರ್ಸ್, ಅಂದರೆ ಜಪಸರ ಹಿಡಿದು ಮಾಡುವ ಪ್ರಾರ್ಥನೆ. ನಾನು, ಅಪ್ಪ, ಅಣ್ಣನ ಎರಡು ಮಕ್ಕಳು. ಒಂದು ದಿನವೂ ತಪ್ಪಿಸಿಲ್ಲ. ಆದರೆ ಅಮ್ಮ ಹೋದ ಮೇಲೆ ಒಳಗೆ ಏನೂ ಇಲ್ಲ. ಬಾಯಿ ಹೇಳುತ್ತದೆ, ಮನಸ್ಸು ಅಡಿಕೆ ಅಂಗಳದಲ್ಲಿರುತ್ತದೆ. ನನ್ನ ಕೈಯಲ್ಲಿರುವುದು ಅಮ್ಮನ ಜಪಸರ. ಮೂರನೇ ದಶಕದಲ್ಲಿ, ಅಂದರೆ ಹತ್ತು ಮಣಿಗಳ ಮೂರನೇ ಗುಂಪಿನಲ್ಲಿ, ಒಂದು ಮಣಿ ಒಡೆದು ಹೋಗಿತ್ತು, ಆ ಜಾಗಕ್ಕೆ ಅವಳು ಹಸಿರು ನೂಲಿನ ಗಂಟು ಹಾಕಿದ್ದಳು. ಬೆರಳು ಅಲ್ಲಿಗೆ ಬಂದಾಗ ಒಂದು ಕ್ಷಣ ಎಚ್ಚರ ಆಗುತ್ತದೆ. ಮುಂದಿನ ಮಣಿಗೆ ಮತ್ತೆ ಅದೇ ಮಂಪರು.

ಈ ಸಲ ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಧ್ಯಾನಕೂಟದಲ್ಲಿ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಹೇಳಿದರು, ವಿಶ್ವಾಸ ವರ್ಷದಿಂದ ವರ್ಷಕ್ಕೆ ಬೆಳೆಯಬೇಕು, ಬೆಳೆಯದ ಮರ ಸಾಯುತ್ತಾ ಇದೆ ಅಂತ ಅರ್ಥ ಅಂತ. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡುತ್ತಾ ಇರುವುದು ಛಲ ಬಿಡದೆ ನಿಂತದ್ದಾ, ಅಥವಾ ಬರೀ ಅಭ್ಯಾಸವಾ? ಅಭ್ಯಾಸವಾದರೆ ದೇವರಿಗೆ ಅದು ಬೇಕಾ?

ಡಾಕ್ಟರಿಗೆ ತೋರಿಸಿದ್ದೇನೆ. ಥೈರಾಯ್ಡ್ ಎಲ್ಲ ಸರಿ ಉಂಟು. ಹಾಗಾಗಿ ಅದನ್ನು ಬರೆಯುವುದು ಬೇಡ.

ಉಪ್ಪಳದ ಹುಡುಗ

ಅಕ್ಕ, ನಾನು ನಿಲ್ಲಿಸಿದ್ದು ಇದೇ ಕಾರಣಕ್ಕೆ. ಬಾಯಲ್ಲಿ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು. ಈಗ ಬೆಂಗಳೂರಿನಲ್ಲಿ ಇದ್ದೇನೆ, ಭಾನುವಾರ ಪೂಜೆಗೆ ಹೋಗದೆ ಎಂಟು ತಿಂಗಳು. ಸಮಾಧಾನ ಉಂಟಾ ಅಂತ ಕೇಳಿದರೆ ಅದೂ ಇಲ್ಲ. ಉತ್ತರ ಸಿಕ್ಕಿದರೆ ನನಗೂ ಬೇಕು.

ಧರ್ಮೋಪದೇಶದ ಟೀಚರ್

ಅಭ್ಯಾಸ ಅಂದರೆ ಕೀಳು ಅಂತ ನಮಗೆ ಯಾರು ಹೇಳಿಕೊಟ್ಟದ್ದೋ ಗೊತ್ತಿಲ್ಲ. ತಾಯಿ ಬೆಳಿಗ್ಗೆ ಎದ್ದು ಒಲೆ ಹಚ್ಚುವುದು ಅಭ್ಯಾಸ. ದಿನವೂ ಪ್ರೀತಿ ಉಕ್ಕಿ ಬಂದು ಹಚ್ಚುವುದಲ್ಲ. ಹಾಗಂತ ಅದರಲ್ಲಿ ಪ್ರೀತಿ ಇಲ್ಲವಾ?

ಬೇಳದವರೇ, ನಿಮಗೆ ಉತ್ತರ ನಿಮ್ಮ ಇಗರ್ಜಿಯಲ್ಲೇ (ಚರ್ಚಿನಲ್ಲೇ) ಉಂಟು. 1890ರಲ್ಲಿ ಕಟ್ಟಿದ ಆ ಗೋಥಿಕ್ ಇಗರ್ಜಿಯನ್ನು ನೋಡಲಿಕ್ಕೆ ಊರೂರಿನಿಂದ ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ಅದು ಯಾರ ಹೆಸರಿನಲ್ಲಿದೆ? ಶೋಕಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹೆಸರಿನಲ್ಲಿ. ಅವಳ ಏಳು ಶೋಕಗಳನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ನಿನ್ನ ಹೃದಯಕ್ಕೆ ಕತ್ತಿ ನಾಟುತ್ತದೆ ಅಂತ ಮುದುಕ ಸಿಮೆಯೋನ ಹೇಳಿದ ಮಾತು, ಈಜಿಪ್ಟಿಗೆ ಓಡಿದ್ದು, ದೇವಾಲಯದಲ್ಲಿ ಮಗ ಕಾಣದೆ ಹೋದದ್ದು, ಶಿಲುಬೆಯ ಹಾದಿಯಲ್ಲಿ ಸಿಕ್ಕಿದ್ದು, ಶಿಲುಬೆಯ ಬುಡ, ಇಳಿಸಿದ ದೇಹ ಮಡಿಲಿಗೆ ಬಂದದ್ದು, ಏಳನೆಯದು ಸಮಾಧಿ. ಪಟ್ಟಿ ಸಮಾಧಿಯಲ್ಲಿ ನಿಲ್ಲುತ್ತದೆ. ಎಂಟನೆಯದಾಗಿ ಪುನರುತ್ಥಾನ ಅಂತ ಸೇರಿಸಲಿಲ್ಲ. ಹಿಂದಿನವರಿಗೆ ಈಸ್ಟರ್ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೂ ದುಃಖದಲ್ಲಿ ನಿಂತಿರುವವರನ್ನು ಅಲ್ಲಿಂದ ಅವಸರದಲ್ಲಿ ಎಬ್ಬಿಸಬಾರದು ಅಂತಲೂ ಗೊತ್ತಿತ್ತು.

ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 19ನೇ ಅಧ್ಯಾಯ ತೆಗೆದು ನೋಡಿ. ಶಿಲುಬೆಯ ಬಳಿ ಮರಿಯಮ್ಮ ಏನು ಹೇಳಿದಳು, ಅವಳಿಗೆ ಏನನ್ನಿಸಿತು ಅಂತ ಒಂದು ಅಕ್ಷರವೂ ಇಲ್ಲ. ನಿಂತಿದ್ದಳು ಅಂತ ಮಾತ್ರ ಉಂಟು.

ಇನ್ನೊಂದು. ಜೆಸ್ವಿತ್ ಸಂಘ ಕಟ್ಟಿದ ಸಂತ ಇಗ್ನೇಷಿಯಸರು ಒಳಗು ಬರಡಾದ ಕಾಲಕ್ಕೆ ಒಂದು ನಿಯಮ ಕೊಟ್ಟಿದ್ದಾರೆ: ಆ ಹೊತ್ತಿನಲ್ಲಿ ಹಳೆಯ ತೀರ್ಮಾನ ಬದಲಾಯಿಸಬೇಡ, ಬೆಳಕಿದ್ದಾಗ ಹಿಡಿದ ದಾರಿಯಲ್ಲೇ ಇರು. ತೇರ್ಸ್ ಬಿಡುವುದೋ ಬೇಡವೋ ಅಂತ ಯೋಚಿಸಲಿಕ್ಕೆ ಇದು ಸಮಯವೇ ಅಲ್ಲ.

ಮಂಜೇಶ್ವರದ ಸಭೆಯವ

ನಾನು ಪ್ರೊಟೆಸ್ಟೆಂಟ್ ಸಭೆಯವ, ತೇರ್ಸಿನ ಬಗ್ಗೆ ನನಗೆ ಹೇಳಲಿಕ್ಕೆ ಇಲ್ಲ. ಆದರೆ ಟೀಚರ್ ಹೇಳಿದ ‘ನಿಂತಿದ್ದಳು’ ಎಂಬುದು ಮನಸ್ಸಿಗೆ ತಾಗಿತು.

ಸತ್ಯವೇದದಲ್ಲಿ ನಾವು ತಾಳ್ಮೆ ಅಂತ ಓದುವ ಕಡೆ ಹೆಚ್ಚಾಗಿ ಗ್ರೀಕಿನಲ್ಲಿರುವುದು ಹುಪೊಮೊನೆ. ಹುಪೊ ಅಂದರೆ ಕೆಳಗೆ, ಮೆನೊ ಅಂದರೆ ಉಳಿ, ತಂಗು. ಭಾರದ ಕೆಳಗೆ ಉಳಿಯುವುದು. ಯೊವಾನ್ನ 15ರಲ್ಲಿ ದ್ರಾಕ್ಷಿಬಳ್ಳಿಯ ಮಾತು ಬರುವಾಗ ‘ನನ್ನಲ್ಲಿ ನೆಲೆಗೊಂಡಿರಿ’ ಅಂತ ಯೇಸು ಸ್ವಾಮಿ ಹೇಳುವುದೂ ಅದೇ ಮೆನೊ. ಕೊಂಬೆ ಬಳ್ಳಿಯಲ್ಲಿ ಇರಲಿಕ್ಕೆ ಬೇರೆ ಸಾಹಸ ಮಾಡುವುದಿಲ್ಲ, ಕಡಿದು ಹೋಗದೆ ಇರುತ್ತದೆ, ಅಷ್ಟೆ. ನಮ್ಮ ಕನ್ನಡವೂ ಇದಕ್ಕೆ ಹತ್ತಿರವೇ. ತಾಳು ಅಂದರೆ ಸಹಿಸು, ತಾಳು ಅಂದರೆ ಸ್ವಲ್ಪ ನಿಲ್ಲು. ತಾಳಿದವನು ಬಾಳಿಯಾನು ಅಂತ ನಮ್ಮ ಅಜ್ಜಿಯಂದಿರು ಸುಮ್ಮನೆ ಹೇಳಿದ್ದಲ್ಲ.

ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಒಂದು ಸಾಲು ಜೋಡಿಸುತ್ತಾನೆ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಅದರಿಂದ ನಿರೀಕ್ಷೆ. ನಾವು ಆಸೆಪಡುವುದು ನಿರೀಕ್ಷೆಯ ಸುಖವನ್ನು ಮೊದಲು ಪಡೆದು ಆ ಬಲದಲ್ಲಿ ತಾಳಲಿಕ್ಕೆ. ಅವನು ಬರೆದದ್ದು ಹಿಂದುಮುಂದಾಗಿ ಉಂಟು, ಬೇಳದ ಅಕ್ಕ ಈಗ ಇರುವುದು ಆ ಸಾಲಿನ ನಡುವೆ.

ಸುರಂಗದವರ ಮಗ

ನಾನು ಬಾಯಾರು ಕಡೆಯವ. ಅಪ್ಪ ನೀರಿಗಾಗಿ ಸುರಂಗ ಅಗೆಯುತ್ತಿದ್ದರು. ಈಗಿನ ಮಕ್ಕಳಿಗೆ ಬೋರ್‌ವೆಲ್ ಮಾತ್ರ ಗೊತ್ತು, ಹಾಗಾಗಿ ಸ್ವಲ್ಪ ವಿವರ ಹೇಳುತ್ತೇನೆ.

ಗುಡ್ಡದ ಬದಿಗೆ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆಯುತ್ತಾ ಹೋಗುವುದು. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ. ಕುಕ್ಕರುಗಾಲಲ್ಲಿ ಕೂತು ಪಿಕ್ಕಾಸಿನಿಂದ ಎದುರಿನ ಗೋಡೆಗೆ ಹೊಡೆಯಬೇಕು, ಬಿದ್ದ ಮಣ್ಣನ್ನು ಇನ್ನೊಬ್ಬ ಹೊರಗೆ ಹೊರಬೇಕು. ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರು ಇರಬೇಕು, ನೀರು ಸಿಕ್ಕಿದರೆ ಪಂಪಿಲ್ಲದೆ ತಾನಾಗಿ ಹರಿದು ಬರಲಿಕ್ಕೆ. ಅಳತೆ ಕೋಲಿನಲ್ಲಿ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಕಲ್ಲು ಗಟ್ಟಿ ಇದ್ದರೆ ಇಡೀ ದಿನ ಹೊಡೆದರೂ ಒಂದು ಕೋಲು ಆಗುವುದಿಲ್ಲ. ಪಕ್ಕದಲ್ಲಿ ಒಂದು ಮೇಣದ ಬತ್ತಿ. ಅದು ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಎದ್ದು ಹೊರಗೆ ಬರಬೇಕು.

ಹತ್ತನೇ ಕ್ಲಾಸಿನ ರಜೆಯಲ್ಲಿ ನಾನು ಮಣ್ಣು ಹೊರುತ್ತಿದ್ದೆ. ಮೂವತ್ತು ಕೋಲು ಆಗಿತ್ತು, ಒಂದು ಹನಿ ಇಲ್ಲ. ತಿರುಗಿ ನೋಡಿದರೆ ಸುರಂಗದ ಬಾಯಿ ಎಂಟಾಣೆಯಷ್ಟು ಕಾಣುತ್ತಿತ್ತು. ಸಾಕು ಅಪ್ಪ, ಇಲ್ಲಿ ನೀರಿಲ್ಲ ಅಂದೆ. ಅವರು ಉತ್ತರ ಕೊಡಲಿಲ್ಲ. ಒಂದು ಮುಷ್ಟಿ ಮಣ್ಣು ತೆಗೆದು ನನ್ನ ಅಂಗೈಯಲ್ಲಿಟ್ಟು ಹಿಸುಕು ಅಂದರು. ಹಿಸುಕಿದೆ. ಕೈ ಬಿಚ್ಚಿದರೆ ಮಣ್ಣು ಉದುರಲಿಲ್ಲ, ಉಂಡೆಯಾಗಿ ನಿಂತಿತ್ತು. ‘ಹದಿನೈದು ಕೋಲಿನಲ್ಲಿ ಇದು ಹುಡಿಯಾಗುತ್ತಿತ್ತು’ ಅಂದರು, ಪಿಕ್ಕಾಸು ತೆಗೆದುಕೊಂಡರು.

ಬುಟ್ಟಿ ಬುಟ್ಟಿ ಅದೇ ಮಣ್ಣು ಹೊತ್ತವ ನಾನು, ನನಗೇ ಅದು ಗೊತ್ತಾಗಿರಲಿಲ್ಲ. ಅಕ್ಕ, ನಿಮ್ಮ ಮಣ್ಣು ಈಗ ಹೇಗುಂಟು ಅಂತ ನಿಮಗೆ ತಿಳಿಯಲಿಕ್ಕಿಲ್ಲ. ಹತ್ತಿರ ಇರುವವರನ್ನು ಕೇಳಿ. ಅಣ್ಣನ ಮಕ್ಕಳನ್ನು ಕೇಳಿ.

ಒಂದು ಮಾತು ಮುಚ್ಚಿಡಬಾರದು, ನೀರು ಸಿಗದ ಸುರಂಗವೂ ಉಂಟು. ಅಪ್ಪ ಅಂಥದ್ದು ಎರಡು ಬಿಟ್ಟಿದ್ದಾರೆ. ದೇವರ ವಿಷಯದಲ್ಲಿ ಹಾಗೆ ಆಗುವುದಿಲ್ಲ ಅಂತ ನಾನು ನಂಬಿದ್ದೇನೆ, ನಂಬಿ ಬರೆಯುತ್ತಾ ಇದ್ದೇನೆ.

ಮುಡಿಪು ಯಾತ್ರಿಕ

ನೀರಿನ ಮಾತು ಬಂತು ಅಂತ ಬರೆಯುತ್ತೇನೆ. ಕಾಸರಗೋಡಿನ ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ನಮಗೆ ಮುಡಿಪು ಹತ್ತಿರ. ಸಂತ ಜೋಸೆಫ್ ವಾಜರು ಮಂಡಿಯೂರಿದ ಕಡೆ ಅಲ್ಲಿ ಒರತೆ ಎದ್ದಿತೆಂದು ಹಿರಿಯರ ನಂಬಿಕೆ. ನಾವು ಹೋಗುತ್ತೇವೆ, ಬಾಟಲಿಯಲ್ಲಿ ನೀರು ತರುತ್ತೇವೆ. ಆದರೆ ಅವರ ಬದುಕು ಎಷ್ಟು ಬರಡು ಹಾದಿಯಲ್ಲಿ ಹೋಯಿತು ಅಂತ ಹೆಚ್ಚಿನವರು ಓದುವುದಿಲ್ಲ. 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ (ಈ ಕರಾವಳಿಯಲ್ಲಿ) ಸೇವೆ. 1687ರಲ್ಲಿ ಸಿಲೋನಿಗೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು, ಹಾಗಾಗಿ ಕೂಲಿಯವನ ವೇಷ. ಜಾಫ್ನಾದಲ್ಲಿ ಇಳಿದ ಕೂಡಲೇ ರಕ್ತಭೇದಿ ಹಿಡಿದು ಸಾಯುವ ಸ್ಥಿತಿ. ಮುಂದೆ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಜೈಲು. ಹತ್ತಿರ ಹತ್ತಿರ ಹತ್ತು ವರ್ಷ ಆ ದ್ವೀಪಕ್ಕೆ ಅವರೊಬ್ಬರೇ ಪಾದ್ರಿ. 1711ರಲ್ಲಿ ಅಲ್ಲೇ ತೀರಿಕೊಂಡರು. ಸಂತರೆಂದು ಘೋಷಿಸಿದ್ದು 2015ರಲ್ಲಿ, 304 ವರ್ಷ ಕಳೆದ ಮೇಲೆ.

ಜೈಲಿನಲ್ಲಿ ಕೂತ ಆ ದಿನಗಳಲ್ಲಿ ತಾನು ಬೆಳೆಯುತ್ತಾ ಇದ್ದೇನಾ ಅಂತ ಅವರು ಲೆಕ್ಕ ಹಾಕಿರಲಿಕ್ಕಿಲ್ಲ.

ಜಯದ ವಾಕ್ಯ

ಎಲ್ಲರಿಗೂ ಸ್ತೋತ್ರ. ನೀವೆಲ್ಲ ಸಹೋದರಿಯನ್ನು ಅದೇ ಸ್ಥಿತಿಯಲ್ಲಿ ಬಿಡುತ್ತಾ ಇದ್ದೀರಿ. ಆನಂದ ಪವಿತ್ರಾತ್ಮನ ಫಲ. ಆನಂದ ಇಲ್ಲದ ಕಡೆ ಗುಪ್ತವಾಗಿ ಏನೋ ಪಾಪ ಇರುತ್ತದೆ, ಅಥವಾ ವಿಶ್ವಾಸದ ಕೊರತೆ. ಮೂರು ದಿನ ಉಪವಾಸ ಮಾಡಿ ಬೇಡಿದರೆ ಬಂಧನ ಮುರಿಯುತ್ತದೆ. ನಾನು ಸಾಕ್ಷಿ.

ಪೆರ್ಲದ ತಾಯಿ

ತಮ್ಮ, ನಿಮ್ಮ ಮನಸ್ಸು ಒಳ್ಳೆಯದು ಅಂತ ನಂಬುತ್ತೇನೆ. ಆದರೆ ಈ ಮಾತು ನನಗೆ ಹೊಸತಲ್ಲ, ಹಾಗಾಗಿ ಉತ್ತರ ಬರೆಯಲೇಬೇಕು.

ನನ್ನ ಮಗನಿಗೆ 27 ವರ್ಷ. ಮಾತಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವ. ಸಂತ್ರಸ್ತರ ಯಾದಿಯಲ್ಲಿ ಅವನ ಹೆಸರು ಉಂಟು. ಅವನಿಗೆ ಆರು ವರ್ಷ ಇರುವಾಗ ಒಬ್ಬರು ಪ್ರಾರ್ಥಿಸಲಿಕ್ಕೆ ಮನೆಗೆ ಬಂದರು. ತಲೆ ಮೇಲೆ ಕೈ ಇಟ್ಟರು, ಜೋರಾಗಿ ಬೇಡಿದರು, ಏನೂ ಆಗಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಕಡೆ ತಿರುಗಿ ಕೇಳಿದರು, ಅಮ್ಮ, ನಿಮ್ಮಲ್ಲಿ ಏನಾದರೂ ಪಾಪ ಉಳಿದಿದೆಯಾ?

ಆಮೇಲೆ ಒಂದು ವರ್ಷ ನಾನು ದೇವರ ಪಟದ ಎದುರು ನಿಲ್ಲಲಿಲ್ಲ. ದೇವರ ಮೇಲೆ ಸಿಟ್ಟು ಅಲ್ಲ, ನಾಚಿಕೆ. ಮಗ ಹೀಗಿರುವುದು ನನ್ನಿಂದ ಅಂತ.

ಒಮ್ಮೆ ಆಸ್ಪತ್ರೆಯ ವರಾಂಡದಲ್ಲಿ ಕಾಯುತ್ತಾ ಇರುವಾಗ ಒಬ್ಬರು ಸಿಸ್ಟರ್ ತಮ್ಮ ಪುಸ್ತಕ ತೆಗೆದು 88ನೇ ಕೀರ್ತನೆ ಓದಿ ಕೊಟ್ಟರು. ಬೇರೆ ದುಃಖದ ಕೀರ್ತನೆಗಳು ಹೆಚ್ಚಿನವು ಕೊನೆಗೆ ಹೇಗಾದರೂ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆ ಅನ್ನುವಲ್ಲಿಗೆ ಮುಗಿಯುತ್ತದೆ. ನನಗೆ ಆಶ್ಚರ್ಯ ಆಯಿತು, ಇದೂ ದೇವರ ಪುಸ್ತಕದಲ್ಲಿ ಉಂಟಾ ಅಂತ. ಉಂಟು ಅಂದಮೇಲೆ ನಾನೂ ಅದನ್ನೇ ಹೇಳಬಹುದಲ್ಲ. ಅವತ್ತಿನಿಂದ ಮತ್ತೆ ಶುರು ಮಾಡಿದೆ. ಪೌಲನೂ ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು ಮುಳ್ಳು ಅಂತ ಕರೆದು, ಅದನ್ನು ತೆಗೆ ಅಂತ ಮೂರು ಸಲ ಬೇಡಿದ. ತೆಗೆಯಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅಂತ ಉತ್ತರ ಬಂತು. ಪೌಲನ ವಿಶ್ವಾಸ ಕಡಿಮೆ ಇತ್ತಾ?

ನನ್ನ ಪ್ರಾರ್ಥನೆ ಈಗ ಹೇಗೆ ಅಂದರೆ, ಮಗನಿಗೆ ಗಂಜಿ ಕೊಡಲಿಕ್ಕೆ ಮುಕ್ಕಾಲು ಗಂಟೆ ಬೇಕು. ಬೇಗ ಕೊಟ್ಟರೆ ನೆತ್ತಿಗೆ ಹತ್ತುತ್ತದೆ. ಒಂದು ಚಮಚ, ಗಂಟಲು ಅಲುಗುವುದನ್ನು ನೋಡಬೇಕು, ಆಮೇಲೆ ಇನ್ನೊಂದು. ಪ್ರತಿ ಚಮಚಕ್ಕೂ ‘ಸ್ವಾಮಿ, ಕನಿಕರಿಸು’ ಅನ್ನುತ್ತೇನೆ. ಆನಂದ ಅಂತ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಮೊದಲು ಚಮಚ ಹಿಡಿದ ಕೈ ಸಿಟ್ಟಿನಿಂದ ನಡುಗುತ್ತಿತ್ತು. ಈಗ ನಡುಗುವುದಿಲ್ಲ. ಯಾವಾಗ ನಿಂತಿತು ಅಂತ ನನಗೆ ಗೊತ್ತಿಲ್ಲ.

ಜಯದ ವಾಕ್ಯ

ಅಮ್ಮ, ಕ್ಷಮಿಸಿ. ಎರಡು ದಿನ ಯೋಚಿಸಿ ಬರೆಯುತ್ತಾ ಇದ್ದೇನೆ. ಬೇಳದ ಸಹೋದರಿಯೂ ಕ್ಷಮಿಸಬೇಕು. ನನ್ನ ಸಾಕ್ಷಿ ನನ್ನದು, ಅದನ್ನು ಬೇರೆಯವರ ಮೇಲೆ ಹೊರಿಸಿದ್ದು ತಪ್ಪು.

ಉಪ್ಪಳದ ಹುಡುಗ

ಪೆರ್ಲದ ಅಮ್ಮ ಬರೆದದ್ದನ್ನು ಓದಿ ಬಸ್ಸಿನಲ್ಲಿ ಕಣ್ಣೀರು ಬಂತು.

ಟೀಚರಲ್ಲಿ ಒಂದು ಪ್ರಶ್ನೆ. ನನ್ನ ನಿಜವಾದ ತೊಂದರೆ ಒಣಗುವುದಲ್ಲ. ಪಾಪನಿವೇದನೆಗೆ (ಪಾದ್ರಿಯ ಎದುರು ತಪ್ಪು ಒಪ್ಪಿಕೊಳ್ಳಲಿಕ್ಕೆ) ಹೋದರೆ ಹೈಸ್ಕೂಲಿನಿಂದ ಅದೇ ಒಂದು ಪಾಪ. ಅದೇ ಮಾತು, ಅದೇ ಪ್ರಾಯಶ್ಚಿತ್ತ, ಮತ್ತೆ ಅದೇ. ಇದರಲ್ಲಿ ಬೆಳವಣಿಗೆ ಎಲ್ಲಿ?

ಧರ್ಮೋಪದೇಶದ ಟೀಚರ್

ಮಗನೇ, ಬಿದ್ದ ಲೆಕ್ಕ ನೀನು ಇಡುತ್ತಾ ಇದ್ದೀಯ. ಬಿದ್ದ ಮೇಲೆ ಏಳಲಿಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆ ಅಂತ ಇಟ್ಟಿದ್ದೀಯಾ? ಮೊದಲು ನಾಲ್ಕು ತಿಂಗಳು ತಪ್ಪಿಸಿಕೊಂಡು ತಿರುಗುತ್ತಿದ್ದವ ಈಗ ನಾಲ್ಕು ದಿನಕ್ಕೆ ತಿರುಗಿ ಬಂದರೆ ಅದು ಬೆಳವಣಿಗೆಯೇ. ಬೇರೆಯವರು ಬಿದ್ದಾಗ ನಿನಗೆ ಬರುವ ತಿರಸ್ಕಾರ ಕಡಿಮೆಯಾಗಿದ್ದರೆ ಅದೂ.

ಲೂಕನ 13ರಲ್ಲಿ ಅಂಜೂರದ ಮರದ ಸಾಮತಿ (ದೃಷ್ಟಾಂತ ಕಥೆ) ಉಂಟು. ಮೂರು ವರ್ಷ ಹಣ್ಣಿಲ್ಲ, ಕಡಿದುಹಾಕು ಅನ್ನುತ್ತಾನೆ ಯಜಮಾನ. ತೋಟಗಾರ ಬೇಡಿಕೊಳ್ಳುತ್ತಾನೆ, ಈ ಒಂದು ವರ್ಷ ಬಿಡಿ, ಬುಡ ಬಿಡಿಸಿ ಗೊಬ್ಬರ ಹಾಕುತ್ತೇನೆ ಅಂತ. ಅಡಿಕೆ ತೋಟದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮಳೆ ಹೋದ ಮೇಲೆ ಬುಡ ಬಿಡಿಸಿ ಸೊಪ್ಪು ಗೊಬ್ಬರ ಕೊಡುವುದು ನಮ್ಮದೇ ಕೆಲಸ. ಗಮನಿಸು, ಆ ಕಥೆಯಲ್ಲಿ ಮರ ಏನೂ ಮಾಡುವುದಿಲ್ಲ. ಮೈ ಬಗ್ಗಿಸುವವ ತೋಟಗಾರ. ನೀನು ಬುಡ ಬಿಡಿಸಲಿಕ್ಕೆ ಬಿಡಬೇಕು. ಎಂಟು ತಿಂಗಳಿನಿಂದ ನೀನು ನಿಲ್ಲಿಸಿದ್ದು ಅದನ್ನು.

ಬೇಳದವರೇ, ನಿಮ್ಮದೂ ಮೂರು ವರ್ಷ. ಆ ಪ್ರಸಂಗಿ ಮರದ ಮಾತು ಎತ್ತಿದರಂತಲ್ಲ, ತೋಟಗಾರನನ್ನು ಮರೆತರು.

ಮಂಜೇಶ್ವರದ ಸಭೆಯವ

ಟೀಚರ್, ಇಲ್ಲಿ ನಮಗೆ ನಿಮಗೆ ಹಳೆಯ ತಕರಾರು ಉಂಟು. ದೇವರು ನಿಜವಾಗಿ ಕರೆದವರನ್ನು ಕೊನೆಯವರೆಗೆ ತಾನೇ ಕಾಯುತ್ತಾನೆ ಅಂತ ಸುಧಾರಿತ (ಕ್ಯಾಲ್ವಿನ್ ಪರಂಪರೆಯ ಪ್ರೊಟೆಸ್ಟೆಂಟ್) ಸಭೆಗಳ ಬೋಧನೆ, 1618–19ರಲ್ಲಿ ನೆದರ್ಲೆಂಡ್ಸಿನ ಡೋರ್ಟ್‌ನಲ್ಲಿ ಸೇರಿದ ಸಭೆ ಅದನ್ನು ಬರೆದಿಟ್ಟಿತು. ಫಿಲಿಪ್ಪಿ 1:6, ಒಳ್ಳೆಯ ಕೆಲಸ ಶುರು ಮಾಡಿದವನೇ ಮುಗಿಸುತ್ತಾನೆ. ನಿಮ್ಮಲ್ಲಿ ಜಾರಿ ಹೋಗುವ ಭಯ ಯಾವಾಗಲೂ ಇರುತ್ತದಲ್ಲ?

ಧರ್ಮೋಪದೇಶದ ಟೀಚರ್

ಇರುತ್ತದೆ. ಕೊನೆಯವರೆಗೆ ತಾಳಿದವನು ರಕ್ಷಣೆ ಹೊಂದುವನು ಅಂತ ಮತ್ತಾಯ 24ರಲ್ಲಿ ಸ್ವಾಮಿಯೇ ಹೇಳಿದ್ದಾರೆ, ಅದನ್ನು ನಾನು ಸಡಿಲ ಮಾಡಲಾರೆ. ಆದರೆ 1547ರಲ್ಲಿ ನಮ್ಮ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಆ ಕೊನೆಯವರೆಗಿನ ತಾಳ್ಮೆಯನ್ನು ಕರೆದದ್ದು ವರದಾನ ಅಂತ. ನಮ್ಮ ಸಂಪಾದನೆ ಅಂತ ಅಲ್ಲ. ನೀವು ಭರವಸೆಯಿಂದ ಹೇಳುವುದನ್ನು ನಾವು ಬೇಡಿಕೊಂಡು ಹೇಳುತ್ತೇವೆ. ‘ಈಗಲೂ ನಮ್ಮ ಮರಣದ ಘಳಿಗೆಯಲ್ಲೂ’ ಅಂತ ತೇರ್ಸಿನಲ್ಲಿ ಐವತ್ತು ಮೂರು ಸಲ ಬೇಡುವುದು ಅದನ್ನೇ. ವ್ಯತ್ಯಾಸ ಉಂಟು, ಇಲ್ಲ ಅನ್ನುವುದಿಲ್ಲ.

ಕುವೈತ್ ನರ್ಸ್

ನೈಟ್ ಡ್ಯೂಟಿ ಮಧ್ಯೆ ಬರೆಯುತ್ತಾ ಇದ್ದೇನೆ. ಬೈಬಲಿನಲ್ಲಿ ಪ್ರವಾದಿ ಎಲೀಯ ಪೊದೆಯ ಕೆಳಗೆ ಸಾಯಬೇಕು ಅಂತ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು. ಮತ್ತೆ ನಿದ್ದೆ. ಮತ್ತೆ ರೊಟ್ಟಿ. ಆಮೇಲೆ ನಲವತ್ತು ದಿನದ ದಾರಿ. ಬೇಳದ ಅಕ್ಕ, ಅಪ್ಪನನ್ನು ನೋಡಿಕೊಳ್ಳುವುದು ನೀವು, ಮಕ್ಕಳನ್ನು ನೋಡಿಕೊಳ್ಳುವುದು ನೀವು. ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ? ಪೆರ್ಲದ ಅಮ್ಮ, ನೀವು ಕೊನೆಯ ಸಲ ಹಗಲಲ್ಲಿ ಎರಡು ಗಂಟೆ ನಿದ್ದೆ ಮಾಡಿದ್ದು ಯಾವಾಗ?

ಪೆರ್ಲದ ತಾಯಿ

ನೆನಪಿಲ್ಲ ಮಗಳೇ.

ಬೇಳದವಳು

ಎಲ್ಲ ಓದಿದೆ. ಸುರಂಗದವರ ಮಗ ಹೇಳಿದ ಹಾಗೆ ಅಣ್ಣನ ಮಗಳನ್ನು ಕೇಳಿದೆ, ನಾನು ಅಜ್ಜಿ ಹೋದ ಮೇಲೆ ಹೇಗೆ ಬದಲಾಗಿದ್ದೇನೆ ಅಂತ. ಹನ್ನೊಂದು ವರ್ಷ ಅವಳಿಗೆ. ಸ್ವಲ್ಪ ಯೋಚಿಸಿ ಹೇಳಿದಳು, ‘ಮೊದಲು ತೇರ್ಸ್ ಹೊತ್ತಿಗೆ ನಾವು ನಿದ್ದೆ ತೂಗಿದರೆ ನೀವು ಗದರುತ್ತಿದ್ದಿರಿ. ಈಗ ನಿಮ್ಮ ಮಡಿಲಿಗೆ ತಲೆ ಇಡಲಿಕ್ಕೆ ಬಿಡುತ್ತೀರಿ.’ ನನಗೆ ಇದು ಗೊತ್ತೇ ಇರಲಿಲ್ಲ.

ಪೆರ್ಲದ ಅಮ್ಮ, ಶನಿವಾರ ಮಧ್ಯಾಹ್ನ ನನಗೆ ಬಿಡುವು ಉಂಟು. ನಾನು ಬಂದು ಮಗನ ಹತ್ತಿರ ಕೂತರೆ ನೀವು ಮಲಗಬಹುದಾ? ಗಂಜಿ ಕೊಡುವ ಕ್ರಮ ಹೇಳಿಕೊಡಿ, ಕಲಿಯುತ್ತೇನೆ.

ನಿರ್ವಾಹಕ

ದಯವಿಟ್ಟು ಫೋನ್ ನಂಬರು, ಮನೆಯ ವಿಳಾಸ ಇಲ್ಲಿ ಹಾಕಬೇಡಿ. ಖಾಸಗಿ ಸಂದೇಶದಲ್ಲಿ ಮಾತಾಡಿಕೊಳ್ಳಿ.

ಉಪ್ಪಳದ ಹುಡುಗ

ಭಾನುವಾರ ಹೋಗಿದ್ದೆ. ಕೊನೆಯ ಬೆಂಚಿನಲ್ಲಿ ಕೂತೆ. ಏನೂ ಅನ್ನಿಸಲಿಲ್ಲ. ಮುಂದಿನ ಭಾನುವಾರವೂ ಹೋಗುತ್ತೇನೆ.

ಬೇಳದವಳು

ಹೋಗಿ ಬಂದೆ. ಮೊದಲ ಚಮಚಕ್ಕೆ ನನ್ನ ಕೈ ನಡುಗಿತು. ಅಮ್ಮ ಪಕ್ಕದಲ್ಲಿ ನಿಂತು ಗಂಟಲು ನೋಡು, ಗಂಟಲು ನೋಡು ಅನ್ನುತ್ತಾ ಇದ್ದರು. ಆರೇಳು ಚಮಚ ಆದ ಮೇಲೆ ಮಗ ನನ್ನ ಮುಖ ನೋಡಿದ. ಅಮ್ಮ ಒಳಗೆ ಹೋಗಿ ಮಲಗಿದರು, ಸಂಜೆ ನಾಲ್ಕೂವರೆವರೆಗೆ ಏಳಲಿಲ್ಲ. ನಾನು ಕಿಟಕಿ ಹತ್ತಿರ ಕೂತು ಅವನ ಬಾಯಿ ಒರೆಸುತ್ತಾ, ನೊಣ ಓಡಿಸುತ್ತಾ ಇದ್ದೆ. ಜಪಸರ ಬ್ಯಾಗಿನಲ್ಲೇ ಇತ್ತು, ತೆಗೆಯಬೇಕು ಅಂತ ನೆನಪೇ ಆಗಲಿಲ್ಲ. ಬಸ್ಸಿನಲ್ಲಿ ಬರುವಾಗ ಕೈ ಹಾಕಿ ನೋಡಿದೆ. ಗಂಟು ಸಿಕ್ಕಿತು. ಬದಿಯಡ್ಕ ಬರುವವರೆಗೆ ಅದನ್ನೇ ಹಿಡಿದುಕೊಂಡು ಕೂತೆ.

ಮನೆ ಮುಟ್ಟುವಾಗ ಏಳೂಕಾಲು. ಅಪ್ಪ, ಮಕ್ಕಳು ಶುರು ಮಾಡಿದ್ದರು. ಎರಡನೇ ದಶಕಕ್ಕೆ ಸೇರಿಕೊಂಡೆ.

ಪೆರ್ಲದ ತಾಯಿ

ಮಗಳೇ, ಬರುವ ಶನಿವಾರ ಎರಡು ಗಂಟೆಯ ಬಸ್ಸು ಇಲ್ಲವಂತೆ. ಎರಡೂ ಇಪ್ಪತ್ತರದ್ದು ಹಿಡಿ. ಕೊಡೆ ಇಲ್ಲೇ ಬಿಟ್ಟು ಹೋಗಿದ್ದೀಯ, ಒಣಗಿಸಿ ಇಟ್ಟಿದ್ದೇನೆ.